ವೇದಾವತಿ ಟೀಚರ್ ಅಂಟಿಸಿದ ನಗು

ಇಪ್ಪತ್ತೇಳು ವರ್ಷ ತುಂಬುವವರೆಗೆ ವೇದಾವತಿ ಟೀಚರ್ ಒಂದೂ ಸಿನಿಮಾ ನೋಡಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಹನ್ನೊಂದು ಸಿನಿಮಾಗಳನ್ನು ರಿಪೇರಿ ಮಾಡಿದ್ದರು. ಈ ಮಾತನ್ನು ಅವರು ಮೊದಲ ದಿನವೇ ತರಗತಿಯಲ್ಲಿ ಹೇಳಿದಾಗ ನಾವು ಇಪ್ಪತ್ತೆರಡು ಜನ ಮಾಸ್ತರಿಕೆ ಕಲಿಯಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಮಡಿಕೇರಿಯ ಪಕ್ಕದ ಗಾಳಿಬೀಡಿನವಳು. ಅಲ್ಲಿಯವರೆಗೆ ನಾನು ನೋಡಿದ್ದೇ ಎರಡು ಸಿನಿಮಾ. ಆದರೂ ಟೀಚರಿಗಿಂತ ನಾನೇ ಮೇಲು ಎಂದು ಒಂದು ನಿಮಿಷ ಹೆಮ್ಮೆಪಟ್ಟೆ.

ಅವರು ನಾಪೋಕ್ಲಿನ ಆಚೆ ಒಂದು ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದ ತಿಮ್ಮಪ್ಪಯ್ಯನವರ ಮಗಳು. ಸಿನಿಮಾ ನೋಡಬೇಡ ಎಂದು ಅಪ್ಪ ಎಂದೂ ಹೇಳಿದವರಲ್ಲ. ಆ ಕಡೆ ಸಿನಿಮಾ ಇರಲಿಲ್ಲ, ಅಷ್ಟೆ. ಮೆಟ್ರಿಕ್ ಮುಗಿಸಿ ಮಡಿಕೇರಿಯ ಪ್ರೈಮರಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಪೇಟೆಯಲ್ಲೇ ನೆಂಟರ ಮನೆಯಲ್ಲಿದ್ದರು. ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ. ಮಳೆಗಾಲದಲ್ಲಿ ಅದೂ ಕೊಡೆಯ ಕೆಳಗೆ.

ಕೊಡಗು ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ಜನಶಿಕ್ಷಣ ಚಿತ್ರ ವಿಭಾಗವೆಂದು ಮಡಿಕೇರಿಯಲ್ಲಿ ಎರಡು ಕೋಣೆಯ ಒಂದು ಕಚೇರಿಯಿತ್ತು. ಅದಕ್ಕೊಂದು ಜೀಪು, ಜೀಪಿಗೊಂದು ಜನರೇಟರ್, ಒಂದು ಹದಿನಾರು ಮಿಲಿಮೀಟರಿನ ಪ್ರೊಜೆಕ್ಟರ್. ಇವೆಲ್ಲವನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದವನು ಪುಟ್ಟರಾಜು. ಅವನ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡಿದ್ದರು. ಕಚೇರಿಯ ಮೇಲಧಿಕಾರಿ ನಾಗೇಶ್ವರ ರಾಯರು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುವ ಪೈಕಿ.

ರಾಯರು ಒಮ್ಮೆ ಟೀಚರ್ ಇದ್ದ ಶಾಲೆಗೆ ಬಂದಾಗ ಗೋಡೆಯ ಮೇಲಿದ್ದ ಭೂಪಟ ನೋಡಿದರು. ನಡುವೆ ಉದ್ದಕ್ಕೂ ಹರಿದಿದ್ದ ಆ ಭೂಪಟವನ್ನು ಟೀಚರ್ ಹಿಂದೆ ಗಂಜಿಯಲ್ಲಿ ಬಟ್ಟೆ ಅಂಟಿಸಿ ಎಷ್ಟು ಚೆನ್ನಾಗಿ ಕೂಡಿಸಿದ್ದರೆಂದರೆ, ಹರಿದ ಜಾಗ ಎಲ್ಲಿ ಎಂದು ರಾಯರು ಕನ್ನಡಕ ಇಳಿಸಿ ಹುಡುಕಬೇಕಾಯಿತು. ಫಿಲ್ಮು ಅಂಟಿಸಲು ಇಂಥ ಕೈಯೇ ಬೇಕೆಂದು ಅವರು ಶಾಲೆಗೆ ಬರೆದು ಕೇಳಿದರು. ಹಾಗೆ ವಾರಕ್ಕೆ ಮೂರು ಮಧ್ಯಾಹ್ನ ಟೀಚರ್ ಆ ಕಚೇರಿಗೆ ಹೋಗತೊಡಗಿದರು.

ಕೆಲಸ ಅವರಿಗೆ ಹಿಡಿಸಿತು. ಹರಿದ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಒಂದೊಂದು ಚಿತ್ರಕ್ಕೂ ಒಂದೊಂದು ಚೌಕ, ಅದರಲ್ಲಿ ಕೆಟ್ಟವನ್ನು ಕತ್ತರಿಸಬೇಕು. ತುದಿಯನ್ನು ಬ್ಲೇಡಿನಿಂದ ಹೆರೆದು, ಘಾಟು ವಾಸನೆಯ ಅಂಟು ಒಂದು ಹನಿ ಹಚ್ಚಿ, ಇನ್ನೊಂದು ತುದಿಯನ್ನು ಅದರ ಮೇಲೆ ಒತ್ತಿ ಹಿಡಿಯಬೇಕು. ಒಂದು ಸೆಕೆಂಡಿನ ಸಿನಿಮಾಕ್ಕೆ ಇಪ್ಪತ್ತನಾಲ್ಕು ಚೌಕ. ಒಬ್ಬ ಮನುಷ್ಯ ಬಾಗಿಲು ತೆರೆಯುವುದೆಂದರೆ ಮೊಳದುದ್ದ ಫಿಲ್ಮು. ಅವರು ಸಿನಿಮಾವನ್ನು ಹೀಗೆ ಮೊಳದ ಲೆಕ್ಕದಲ್ಲಿ, ಹೆಬ್ಬೆರಳಿಗಿಂತ ಸಣ್ಣ ಮುಖಗಳಲ್ಲಿ ಪರಿಚಯ ಮಾಡಿಕೊಂಡರು. ಪ್ರದರ್ಶನಗಳೆಲ್ಲ ದೂರದ ಹಳ್ಳಿಗಳಲ್ಲಿ. ಅವರು ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ.

ಐವತ್ತಮೂರನೆಯ ಇಸವಿಯಲ್ಲಿ ಒಂದು ಕಥಾಚಿತ್ರ ಬಂತು. ಇಪ್ಪತ್ತು ನಿಮಿಷದ್ದು. ಊರಿನವರೆಲ್ಲ ಸೇರಿ ಹಳ್ಳಕ್ಕೆ ಮರದ ಸೇತುವೆ ಕಟ್ಟಿಕೊಳ್ಳುವ ಕಥೆ. ಊರಿನ ಪಟೇಲ ಮರ ಕೊಡಲು ಹಿಂದೆಮುಂದೆ ನೋಡುತ್ತಾನೆ. ಹಳ್ಳ ತುಂಬಿ ಹರಿಯುವಾಗ ಜ್ವರ ಬಂದ ಮಗುವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸೊಬ್ಬಳು ದಾಟಲಾರದೆ ದಡದಲ್ಲಿ ನಿಲ್ಲುತ್ತಾಳೆ. ಕೊನೆಗೆ ಪಟೇಲನ ಮನಸ್ಸು ಕರಗುತ್ತದೆ. ನಾಲ್ಕನೆಯ ಪ್ರದರ್ಶನದಲ್ಲೇ ಅದು ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕಿ ಹಲವು ಕಡೆ ಹರಿಯಿತು. ಪುಟ್ಟರಾಜು ಬಿಡಿ ತುಂಡುಗಳನ್ನು ಡಬ್ಬಿಯಲ್ಲಿ ಹಾಕಿ ತಂದಿಟ್ಟು, ತಂಗಿಯ ಮದುವೆಗೆಂದು ಹತ್ತು ದಿನ ರಜೆ ಹಾಕಿ ಊರಿಗೆ ಹೋದ.

ಟೀಚರ್ ಒಂದೊಂದೇ ತುಂಡನ್ನು ಎತ್ತಿ ನೋಡಿದರು. ಉಳಿದವೆಲ್ಲ ತಮ್ಮ ತಮ್ಮ ಜಾಗ ಹೇಳಿದವು. ಒಂದು ಮಾತ್ರ ಹೇಳಲಿಲ್ಲ. ನಾಲ್ಕು ಅಡಿಗೆ ಸ್ವಲ್ಪ ಕಡಿಮೆ ಉದ್ದದ ತುಂಡು. ಅದರ ತುಂಬ ಪಟೇಲನ ಮುಖವೊಂದೇ, ನಗುತ್ತಿರುವ ಮುಖ. ಹಿಂದೆ ಗೋಡೆಯಿಲ್ಲ, ಮರವಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಎಲ್ಲಿ ಕೂತು ನಗುತ್ತಿದ್ದಾನೆ, ಯಾರನ್ನು ನೋಡಿ ನಗುತ್ತಿದ್ದಾನೆ, ತಿಳಿಯುವಂತಿರಲಿಲ್ಲ. ಕೇಳೋಣವೆಂದರೆ ಪುಟ್ಟರಾಜು ಇಲ್ಲ. ರಾಯರನ್ನು ಕೇಳಿದರೆ, ಎಲ್ಲಿ ಸರಿ ಕಾಣುತ್ತದೋ ಅಲ್ಲಿ ಹಾಕಮ್ಮ ಎಂದು ಫೈಲಿಗೆ ಮರಳಿದರು. ದಡದಲ್ಲಿ ನಿಂತ ಹೆಂಗಸಿನ ತುಂಡಿನ ಕೊನೆ ಹರಿದಿತ್ತು. ಅದರ ಮುಂದಿನ ತುಂಡೂ ತುದಿಯಲ್ಲಿ ಹರಿದಿತ್ತು. ನಡುವೆ ಏನೋ ಇದ್ದಿರಬೇಕೆಂದು ಟೀಚರ್ ಪಟೇಲನ ನಗುವನ್ನು ಅಲ್ಲಿ ಸೇರಿಸಿ ಅಂಟಿಸಿದರು. ಅಂಟು ಚೆನ್ನಾಗಿ ಕೂತಿತು.

ರಜೆ ಮುಗಿಸಿ ಬಂದ ಪುಟ್ಟರಾಜು ಡಬ್ಬಿ ಎತ್ತಿಕೊಂಡು ಹಾರಂಗಿ ಹೊಳೆಯ ಆಚೆಗಿನ ಒಂದು ಹಳ್ಳಿಗೆ ಹೋದ. ಅಲ್ಲಿ ಹೆಚ್ಚಿನವರು ಮೈಸೂರು, ಹಾಸನದ ಕಡೆಯಿಂದ ಬಂದು ನೆಲೆಸಿದವರು. ಮಧ್ಯಾಹ್ನ ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಬಿಳಿ ಪಂಚೆಯ ಮೇಲೆ ಸಿನಿಮಾ ಬಿಟ್ಟ. ಜನರೇಟರಿಗೆ ಎಣ್ಣೆ ಹಾಕಲು ಹೊರಗೆ ಹೋಗಿದ್ದವನಿಗೆ ಒಳಗೆ ಗಲಾಟೆ ಕೇಳಿಸಿತು. ಬಂದು ನೋಡಿದರೆ ಪರದೆಯ ಮೇಲೆ ಬೇರೇನೋ ಓಡುತ್ತಿದೆ, ಅದನ್ನು ನೋಡುವವರಿಲ್ಲ. ಜನರೆಲ್ಲ ತಿರುಗಿ ಮುಂದಿನ ಬೆಂಚಿನಲ್ಲಿ ಕೂತಿದ್ದ ತಮ್ಮೂರಿನ ಪಟೇಲ್ ಸಣ್ಣಸ್ವಾಮಿಯವರನ್ನು ನೋಡುತ್ತಿದ್ದರು.

ಆ ಊರಿಗೂ ಒಂದು ಹಳ್ಳವಿತ್ತು, ಸೇತುವೆ ಇರಲಿಲ್ಲ. ಸಣ್ಣಸ್ವಾಮಿಯವರ ದನದ ಕೊಟ್ಟಿಗೆಯ ಹಿಂದೆ ಎರಡು ಮತ್ತಿ ಮರದ ದಿಮ್ಮಿ ಬಿದ್ದಿದ್ದವು. ಊರಿನವರು ಕೇಳಿದಾಗಲೆಲ್ಲ ಅವರು, ನೋಡೋಣ, ನೋಡೋಣ ಅನ್ನುತ್ತಿದ್ದರು. ಎರಡು ವರ್ಷದಿಂದ ನೋಡುತ್ತಲೇ ಇದ್ದರು. ಈಗ ಅಷ್ಟು ಕಣ್ಣು ಒಟ್ಟಿಗೆ ಬೆನ್ನಿಗೆ ತಾಗಿದ್ದೇ ತಡ, ಎದ್ದು ನಿಂತು, ನಾಳೆ ಬೆಳಿಗ್ಗೆ ಬಂದು ದಿಮ್ಮಿ ತಗೊಂಡು ಹೋಗಿ ಎಂದು ಹೇಳಿ ಹೊರಟೇಹೋದರು.

ಎರಡು ವಾರಕ್ಕೆ ಕಚೇರಿಗೆ ಒಂದು ಕಾಗದ ಬಂತು. ನಿಮ್ಮ ಸಿನಿಮಾದಲ್ಲಿ ಕಷ್ಟದಲ್ಲಿದ್ದ ಹೆಣ್ಣುಮಗಳನ್ನು ನೋಡಿ ಪಟೇಲ ನಗುವುದನ್ನು ಕಂಡು ನಮಗೆಲ್ಲ ಹೊಟ್ಟೆ ಉರಿಯಿತು, ಈಗ ನಮ್ಮೂರಿಗೆ ಸೇತುವೆಯಾಯಿತು, ವಂದನೆಗಳು ಎಂದು ಊರಿನವರು ಬರೆದಿದ್ದರು. ರಾಯರಿಗೆ ಸಂತೋಷವೂ ಆಯಿತು, ಅನುಮಾನವೂ ಬಂತು. ಸಿನಿಮಾದ ಕಥೆಯ ಹಾಳೆ ತೆಗೆದು ನೋಡಿದರು. ಅದರಲ್ಲಿ ಪಟೇಲ ಯಾವ ಹೆಂಗಸನ್ನೂ ನೋಡಿ ನಗುವುದಿಲ್ಲ. ತನ್ನ ರುಮಾಲು ತಲೆಗೆ ಹಾಕಿಕೊಂಡು, ಅದು ಮೂಗಿನವರೆಗೂ ಇಳಿದು ಕಣ್ಣು ಕಾಣದೆ ಜಗಲಿಯ ಮೇಲೆ ತಡಕಾಡುವ ಮೊಮ್ಮಗಳನ್ನು ನೋಡಿ ನಗುತ್ತಾನೆ.

ಅವತ್ತೇ ಕಚೇರಿಯ ಕೋಣೆಯಲ್ಲಿ ಆ ಸಿನಿಮಾ ಹಾಕಿಸಿದರು. ವೇದಾವತಿ ಟೀಚರ್ ಕುರ್ಚಿ ಎಳೆದುಕೊಂಡು ಕೂತರು. ಅವರು ಜೀವನದಲ್ಲಿ ನೋಡಿದ ಮೊದಲ ಸಿನಿಮಾ ಅದು. ದಡದಲ್ಲಿ ನಿಂತ ಆ ಹೆಂಗಸನ್ನು ಅವರು ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದರು. ಆಕೆ ಮಗುವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸುತ್ತಾಳೆಂದು ಗೊತ್ತಿತ್ತು, ಚೌಕದಿಂದ ಚೌಕಕ್ಕೆ ಎಣಿಸಿದ್ದರು ಕೂಡ. ಈಗ ಆಕೆ ನಿಜವಾಗಿ ಬದಲಿಸಿದಾಗ ಟೀಚರ್ ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡರು. ಮರುಕ್ಷಣ ಪರದೆಯ ತುಂಬ ಪಟೇಲನ ಮುಖ ಬಂತು, ಅರ್ಧ ಬಿಸಿಲು, ಅರ್ಧ ನೆರಳು. ನಗುತ್ತಿತ್ತು. ಟೀಚರಿಗೆ ಮೈ ಉರಿಯಿತು. ಎಂಥ ಮನುಷ್ಯ ಎಂದುಕೊಂಡರು. ಆಮೇಲೆ ನೆನಪಾಯಿತು, ಇವನನ್ನು ಅಲ್ಲಿ ತಂದು ಕೂರಿಸಿದ್ದು ತಾವೇ.

ಆ ತುಂಡು ತಾವು ಅಂಟಿಸಿದ್ದು, ಜಾಗ ತಪ್ಪಿದೆ ಎಂದು ರಾಯರಿಗೆ ಹೇಳಿದರು. ರಾಯರು ಬೈಯಲಿಲ್ಲ. ಸರಿ ಮಾಡಿಬಿಡಮ್ಮ, ಊರಿಗೆ ಸೇತುವೆ ಹೇಗೂ ಆಯಿತಲ್ಲ, ಈ ಮಾತು ಇಲ್ಲಿಗೆ ಬಿಡೋಣ ಎಂದರು.

ಅಲ್ಲಿಗೆ ಬಿಡುವ ಹಾಗಾಗಲಿಲ್ಲ. ಮುಂದಿನ ವಾರ ಸಣ್ಣಸ್ವಾಮಿಯವರು ಮೊದಲ ಬಸ್ಸಿಗೇ ಮಡಿಕೇರಿಗೆ ಬಂದರು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕಾದಿದ್ದು, ಟೀಚರ್ ಬಂದ ಮೇಲೆ ವಿಷಯ ಹೇಳಿದರು. ಮರ ಹೋದದ್ದಕ್ಕೆ ಬೇಜಾರಿಲ್ಲ. ಕಷ್ಟ ಬೇರೆ. ಮನೆಯಲ್ಲಿ ಅವರು ನಕ್ಕರೆ ಸಾಕು, ಹೆಂಡತಿ ಸಿದ್ದಮ್ಮ, ನೋಡಿ, ಸಿನಿಮಾದ ಪಟೇಲ ನಗ್ತಾವ್ನೆ ಅನ್ನುತ್ತಾಳೆ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಸಾಕಾಗಿ ನಗುವುದನ್ನೇ ಬಿಟ್ಟಿದ್ದಾರೆ.

"ನಂಗೆ ಆ ಮನ್ಷನ್ನ ಇನ್ನೊಂದ್ಸಲ ನೋಡ್ಬೇಕು ತಾಯಿ," ಎಂದರು. "ನಾನೇನು ಅವನಂಗೆ ನಗ್ತೀನಾ, ನೀವೇ ಹೇಳಿ."

ಟೀಚರಿಗೆ ನಗು ಬಂದರೂ ತಡೆದುಕೊಂಡರು. ಅವರನ್ನು ಕಿಟಕಿಯ ಬಳಿ ಕರೆದುಕೊಂಡು ಹೋಗಿ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಇದು ಹೆಂಗಸು. ಇದು ನಾನು ಅಂಟಿಸಿದ ಗೆರೆ. ಇದು ಪಟೇಲ. ಆಮೇಲೆ ರೀಲನ್ನು ಹಿಂದಕ್ಕೆ ಸುತ್ತಿ, ರುಮಾಲಿನೊಳಗೆ ಮುಳುಗಿದ ಮೊಮ್ಮಗಳನ್ನು ತೋರಿಸಿದರು. ಸಣ್ಣಸ್ವಾಮಿಯವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಅಂದ್ರೆ ಇವ್ನು ಆಯಮ್ಮನ್ನ ನೋಡ್ಲೇ ಇಲ್ವಾ?"

"ಇಲ್ಲ ಪಟೇಲರೇ. ಅವಳನ್ನೂ ನೋಡಿ ಇವನನ್ನೂ ನೋಡಿದ್ದು ನೀವು. ಅದಕ್ಕೆ ಅವನೂ ನೋಡಿದ ಅಂದುಕೊಂಡಿರಿ."

 ಅವರು ಫಿಲ್ಮನ್ನು ವಾಪಸು ಕೊಟ್ಟರು. ಹೊರಡುವಾಗ ಬಾಗಿಲಲ್ಲಿ ನಿಂತು, ಇದನ್ನ ನಮ್ಮೂರ್ನೋರ್ಗೂ ತೋರ್ಸಿ ಎಂದರು. ಆ ಮಾತನ್ನು ಟೀಚರ್ ಬಿಡಲಿಲ್ಲ. ಮೂರು ದಿನ ರಾಯರ ಹಿಂದೆ ಬಿದ್ದು ಒಪ್ಪಿಸಿದರು. ನಾಪೋಕ್ಲಿಗೆ ಹೋಗಿ ಅಪ್ಪನಿಗೂ ಹೇಳಿ ಬಂದರು. ತಿಮ್ಮಪ್ಪಯ್ಯನವರು ಪೂರ್ತಿ ಕೇಳಿ, ನಿನ್ನಿಂದ ಆದ ತಪ್ಪು, ನೀನೇ ಹೋಗಿ ಬಾ ಎಂದರಂತೆ.

ಹಾಗೆ ಒಂದು ಶನಿವಾರ ಟೀಚರ್ ಜೀಪಿನಲ್ಲಿ ಪುಟ್ಟರಾಜುವಿನ ಪಕ್ಕ ಕೂತು, ಮಡಿಲಲ್ಲಿ ಅಂಟಿನ ಬಾಟಲಿ ಹಿಡಿದುಕೊಂಡು ಹಾರಂಗಿ ಕಡೆಗೆ ಹೋದರು. ಫಿಲ್ಮನ್ನು ಇನ್ನೂ ಸರಿ ಮಾಡಿರಲಿಲ್ಲ, ಬೇಕೆಂದೇ. ಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ತಪ್ಪಾಗಿ ಅಂಟಿಸಿದ್ದನ್ನೇ ತೋರಿಸಿದರು. ಜನ ಹಿಂದಿನ ಸಲದಂತೆಯೇ ಹಲ್ಲು ಕಡಿದರು. ಆಮೇಲೆ ಕಂಬಳಿ ಸರಿಸಿ ಬೆಳಕು ಬಿಟ್ಟುಕೊಂಡು, ಮೇಜಿನ ಮೇಲೆ ಎಲ್ಲರ ಎದುರಿಗೇ ಟೀಚರ್, ತಪ್ಪು ತಮ್ಮದೆಂದು ಹೇಳಿ, ಅಂಟು ಬಿಡಿಸಿದರು. ನಗುವನ್ನು ತೆಗೆದು ಮೊಮ್ಮಗಳ ತುಂಡಿನ ಬೆನ್ನಿಗೇ ಸೇರಿಸಿದರು. ಅಂಟು ಒಣಗುವವರೆಗೆ ಯಾರೂ ಎದ್ದು ಹೋಗಲಿಲ್ಲ. ಮತ್ತೆ ಕಂಬಳಿ ಕಟ್ಟಿ ಇನ್ನೊಮ್ಮೆ ತೋರಿಸಿದರು.

ಈಗ ಅದೇ ಮುಖ ಬಂದಾಗ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಶಾಲೆ ಪಟೇಲನ ಜೊತೆ ನಕ್ಕಿತು. ಮುಖದ ಮೇಲಿನ ಆ ಅರ್ಧ ನೆರಳು ಮೊದಲ ಸಲ ಕಳ್ಳನ ನೆರಳಿನಂತೆ ಕಂಡಿತ್ತು. ಈಗ ಬರೀ ಜಗಲಿಯ ಸೂರಿನ ನೆರಳು.

ಯಾರಿಗೆ ಏನನ್ನಿಸಿತು ಎಂದು ಟೀಚರ್ ಕೇಳಿದರು. ಮೂಲೆಯಲ್ಲಿ ಕೂತಿದ್ದ ಲಿಂಗಮ್ಮ ಎಂಬ ಹೆಂಗಸು ಎದ್ದು ನಿಂತಳು. ಮೊದಲ ದಿನ ಎಲ್ಲರಿಗಿಂತ ಮುಂಚೆ ಸಣ್ಣಸ್ವಾಮಿಯವರ ಕಡೆ ತಿರುಗಿ ನೋಡಿದ್ದು ಅವಳೇ.

"ತಪ್ಪು ನಿಮ್ದೊಂದೇ ಅಲ್ಲ ಕಣವ್ವ," ಎಂದಳು. "ಅವತ್ತು ಅವನ ಮಕ ಕಂಡಾಗ ನೀರಿನ ಸದ್ದು ಕೇಳ್ತು. ಅದ್ಕೇ ಹಳ್ಳದ ದಡದಲ್ಲೇ ನಿಂತ್ಕಂಡು ನಗ್ತಾವ್ನೆ ಅನ್ಕಂಡೆ. ಇವತ್ತು ಎಲ್ಡನೇ ಸಲ ಕೇಳ್ಳಿಲ್ಲ."

ಟೀಚರಿಗೆ ಇದು ಹೊಳೆದೇ ಇರಲಿಲ್ಲ. ಅವರು ಪುಟ್ಟರಾಜುವಿನ ಮುಖ ನೋಡಿದರು. ಅವನು ತಲೆ ಕೆರೆದುಕೊಂಡು, ಆಯಮ್ಮ ಹೇಳೋದು ಸರಿ ಟೀಚರಮ್ಮ ಎಂದು ಬಿಡಿಸಿ ಹೇಳಿದ. ಶಬ್ದ ಇರುವುದು ಫಿಲ್ಮಿನ ಅಂಚಿನಲ್ಲಿ. ಪ್ರೊಜೆಕ್ಟರಿನಲ್ಲಿ ಚಿತ್ರಕ್ಕೆ ದೀಪ ಬೀಳುವ ಜಾಗ ಒಂದು, ಶಬ್ದ ಹಿಡಿಯುವ ಜಾಗ ಇನ್ನೊಂದು. ಎರಡರ ನಡುವೆ ಇಪ್ಪತ್ತಾರು ಚೌಕಗಳ ದೂರ. ಹಾಗಾಗಿ ತುಂಡುಗಳನ್ನು ಅಂಟಿಸಿದರೆ ಹಿಂದಿನ ತುಂಡಿನ ಶಬ್ದ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಮುಂದಿನ ತುಂಡಿನ ಮೇಲೂ ಹರಿದುಬರುತ್ತದೆ. ಹಳ್ಳದ ಭೋರ್ಗರೆತ ಪಟೇಲನ ಮುಖದವರೆಗೂ ಬಂದದ್ದು ಹಾಗೆ. ಕಚೇರಿಯಲ್ಲಿ ರೀಲು ಸುತ್ತುವಾಗ ಇದು ಯಾರ ಕಿವಿಗೂ ಬೀಳುವುದಿಲ್ಲ. ಲಿಂಗಮ್ಮನ ಕಿವಿಗೆ ಬಿದ್ದಿತ್ತು.

ಅವಳು ಸಣ್ಣಸ್ವಾಮಿಯವರ ಕಡೆ ತಿರುಗಿ, ಅವತ್ತು ನಿಮ್ಮನ್ನ ಹಂಗೆ ನೋಡ್ಬಾರ್ದಾಗಿತ್ತು ಪಟೇಲ್ರೇ ಎಂದಳು. ಅವರು ಟವೆಲಿನಿಂದ ಮುಖ ಒರೆಸಿಕೊಂಡರು.

"ನೋಡಿದ್ದೂ ಒಳ್ಳೇದೇ ಆಯ್ತು ಬುಡು ಲಿಂಗಮ್ಮ. ಇಲ್ದಿದ್ರೆ ಆ ದಿಮ್ಮಿ ಇನ್ನೂ ಕೊಟ್ಟಿಗೆ ಹಿಂದ್ಲೇ ಬಿದ್ದಿರ್ತಿದ್ವು."

ಅವರು ನಕ್ಕರು. ಸಿದ್ದಮ್ಮ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಈ ಸಲ ಅವಳು ಸಿನಿಮಾದ ಪಟೇಲನ ಮಾತೆತ್ತಲಿಲ್ಲ. ಅವತ್ತು ಟೀಚರಿಗೂ ಪುಟ್ಟರಾಜುವಿಗೂ ಅವರ ಮನೆಯಲ್ಲೇ ಊಟವಾಯಿತು. ವಾಪಸು ಬರುವಾಗ ಜೀಪು ಅರ್ಧ ದಾರಿಯಲ್ಲಿ ಎರಡು ಸಲ ನಿಂತಿತು. ಟೀಚರ್ ಅದನ್ನು ಗಮನಿಸಲೇ ಇಲ್ಲವೆಂದು ಪುಟ್ಟರಾಜು ಹೇಳುತ್ತಿದ್ದ.

ಇದಕ್ಕೂ ಮೊದಲೇ ನಮ್ಮ ಟ್ರೈನಿಂಗ್ ಶಾಲೆಯಿಂದ ಒಂದು ಬೇಡಿಕೆ ಬಂದಿತ್ತು. ಮುಂದೆ ಹಳ್ಳಿ ಶಾಲೆಗಳಲ್ಲೂ ಸಿನಿಮಾ ತೋರಿಸುವ ಕಾಲ ಬರುತ್ತದೆ, ಸಿನಿಮಾ ಹೇಗೆ ಕಥೆ ಹೇಳುತ್ತದೆ ಎಂಬುದನ್ನು ಕಲಿಯುವವರಿಗೆ ತಿಳಿಸುವ ಟಿಪ್ಪಣಿ ಬೇಕು, ಅದನ್ನು ಬಂದು ಪಾಠ ಮಾಡುವವರೂ ಬೇಕು ಎಂದು. ರಾಯರು ಆ ಕೆಲಸವನ್ನು ಟೀಚರಿಗೆ ವಹಿಸಿದ್ದರು. ಅವರು ಒಂದು ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಅದಾಗಲೇ ಹತ್ತು ಪುಟ ಬರೆದಿದ್ದರು. ಸಮೀಪ ಚಿತ್ರಣ, ಮಧ್ಯಮ ಚಿತ್ರಣ, ದೂರ ಚಿತ್ರಣ, ಅವುಗಳ ಲಕ್ಷಣ, ಉಪಯೋಗ. ನಮಗಿಂತ ಹಿಂದಿನ ತಂಡದವರಿಗೆ ಅದನ್ನು ಓದಿ ಹೇಳಿದಾಗ ಮೂವರು ಕೂತಲ್ಲೇ ನಿದ್ದೆ ಮಾಡಿದ್ದರಂತೆ.

ಹಾರಂಗಿಯಿಂದ ಬಂದ ಮರುದಿನ ಟೀಚರ್ ಆ ಹತ್ತು ಪುಟವನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆಯಲು ಕೂತರು. ಮೊದಲ ಸಾಲಿನಲ್ಲೇ ತಮ್ಮ ತಪ್ಪು ಬರೆದರು. ಆಮೇಲೆ ಒಂದೊಂದೇ ಪ್ರಶ್ನೆ. ಪಟೇಲನ ಮುಖ ಅಷ್ಟು ದೊಡ್ಡದಾಗಿ ಕಾಣದೆ ಹಿಂದಿನ ಜಗಲಿಯೂ ಕಂಡಿದ್ದರೆ ನೀವು ಮೋಸಹೋಗುತ್ತಿದ್ದಿರಾ? ಅವನ ಮುಖದ ಮೇಲೆ ನೆರಳಿಲ್ಲದಿದ್ದರೆ? ನೀರಿನ ಸದ್ದು ಇಲ್ಲದಿದ್ದರೆ? ಹೆಂಗಸಿನ ಚಿತ್ರ ಮೊದಲು ಬರದೆ ಆಮೇಲೆ ಬಂದಿದ್ದರೆ? ಒಟ್ಟು ಹದಿನಾಲ್ಕು ಪುಟ. 'ಚಿತ್ರ ಹೇಳುವ ಬಗೆ' ಎಂದು ಹೆಸರಿಟ್ಟರು.

ರಾಯರು ಓದಿ ಕನ್ನಡಕ ಹಣೆಗೇರಿಸಿದರು. ಸರ್ಕಾರದ ಕಾಗದದಲ್ಲಿ ನಮ್ಮ ಕಚೇರಿಯ ತಪ್ಪನ್ನು ನಾವೇ ಅಚ್ಚುಹಾಕಿಸುವುದೇ ಎಂದು ಕೇಳಿದರು. ಆ ಭಾಗ ತೆಗೆದು ಉಳಿದದ್ದು ಕೊಡು ಎಂದರು. ಟೀಚರ್ ಎಂದೂ ಯಾರಿಗೂ ಎದುರು ಮಾತಾಡಿದವರಲ್ಲ. ಅವತ್ತು ಮಾತ್ರ ಎದ್ದು ನಿಂತು ಹೇಳಿದರು.

"ಆ ಭಾಗ ತೆಗೆದರೆ ಉಳಿಯುವುದು ಆ ಹಳೇ ಹತ್ತು ಪುಟ, ಸಾರ್. ಅದನ್ನೇ ಕೊಡಲಾ?"

ರಾಯರಿಗೆ ಮಲಗಿದ ಮೂವರ ಸಂಗತಿ ಗೊತ್ತಿತ್ತು. ಕೊನೆಗೆ ಒಂದು ರಾಜಿಯಾಯಿತು. ಕಚೇರಿಯ ಹೆಸರು ಬೇಡ, ಒಬ್ಬ ಕೆಲಸಗಾರ್ತಿ ಎಂದಷ್ಟೇ ಬರೆಯುವುದು. ಹಾಗೆ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿಗಳಾದವು. ತರಗತಿಗೆ ಬಂದ ಮೇಲೆ ಮಾತ್ರ ಟೀಚರ್ ಮೊದಲ ಐದು ನಿಮಿಷದಲ್ಲೇ, ಆ ಕೆಲಸಗಾರ್ತಿ ನಾನೇ ಎಂದು ಹೇಳಿಬಿಡುತ್ತಿದ್ದರು.

ನಾವು ಅವರನ್ನು ತುಂಬ ಕಾಡಿದ್ದೇವೆ. ನಮ್ಮಲ್ಲಿ ಸೋಮಿ ಎಂಬವಳಿದ್ದಳು. ಬಾಯಿ ಜೋರು. ಸುಳ್ಳು ಜೋಡಣೆಯಿಂದ ಸೇತುವೆ ಆಯಿತಲ್ಲ ಟೀಚರ್, ಹಾಗಾದರೆ ಸುಳ್ಳೇ ಒಳ್ಳೆಯದಲ್ಲವೇ ಎಂದು ಅವಳು ಕೇಳಿದಳು. ಟೀಚರ್ ಸೀಮೆಸುಣ್ಣ ಕೆಳಗಿಟ್ಟು ಯೋಚಿಸಿದರು. ನನಗೂ ಅದು ಬಗೆಹರಿದಿಲ್ಲ ಎಂದು ಒಪ್ಪಿಕೊಂಡರು. ಆದರೆ ಒಬ್ಬ ಮನುಷ್ಯ ತನ್ನ ಮನೆಯಲ್ಲಿ ನಗಲಾರದೆ ಬಸ್ಸು ಹತ್ತಿ ಬಂದದ್ದನ್ನು ತಾವು ನೋಡಿರುವುದಾಗಿಯೂ, ಉತ್ತರ ಹುಡುಕುವಾಗ ಅವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದೂ ಹೇಳಿದರು. ಸೋಮಿ ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಮಗೆ ಅದೇ ದೊಡ್ಡ ಆಶ್ಚರ್ಯ.

ಐವತ್ತಾರರಲ್ಲಿ ಕೊಡಗು ಮೈಸೂರಿಗೆ ಸೇರಿತು. ಚಿತ್ರ ವಿಭಾಗದ ಬಾಗಿಲು ಮುಚ್ಚಿತು. ಜೀಪು ಎಲ್ಲಿಗೋ ಹೋಯಿತು, ಪುಟ್ಟರಾಜು ಕುಶಾಲನಗರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ. ಟೀಚರ್ ಪ್ರೈಮರಿ ಶಾಲೆಗೆ ಮರಳಿ, ಇಪ್ಪತ್ತೆಂಟು ವರ್ಷ ಮಗ್ಗಿ ಹೇಳಿಸಿದರು. ಮದುವೆಯೂ ಆದರು, ಲೆಕ್ಕದ ಮಾಸ್ತರೊಬ್ಬರನ್ನು. ಅವರಿಗೆ ಸಿನಿಮಾ ಅಂದರೆ ಆಗುತ್ತಿರಲಿಲ್ಲ, ಹೆಂಡತಿಯನ್ನು ಟಾಕೀಸಿನ ಬಾಗಿಲವರೆಗೆ ಬಿಟ್ಟು ವಾಕಿಂಗ್ ಹೋಗುತ್ತಿದ್ದರು.

ನನ್ನ ಅವರ ಸ್ನೇಹ ಮಾತ್ರ ಉಳಿಯಿತು. ಅವರು ನಿವೃತ್ತರಾದ ವರ್ಷ ನಾವಿಬ್ಬರೂ ಮೈಸೂರಿಗೆ ಹೋಗಿ ಮಧ್ಯಾಹ್ನದ ಆಟಕ್ಕೆ ಕೂತೆವು. ಬಸ್ಸಿನ ಆಯಾಸಕ್ಕೋ ಏನೋ, ಇಂಟರ್‌ವಲ್ ಆದ ಮೇಲೆ ಟೀಚರ್ ನಿದ್ದೆ ಹೋದರು. ಎಚ್ಚರವಾದಾಗ ತೆರೆಯ ಮೇಲೆ ಒಬ್ಬಳು ಖಾಲಿ ಮನೆಯ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಅವರಿಗೆ ತಪ್ಪಿಹೋದ ಕಥೆಯನ್ನು ಪಿಸುಗುಟ್ಟಲು ನಾನು ಬಾಗಿದೆ. ಅವರು ನನ್ನ ಕೈ ಒತ್ತಿ, ಹೇಳಬೇಡ, ಇವಳ ಮುಖ ನೋಡಿ ನಾನೇ ಕಂಡುಹಿಡಿಯುತ್ತೇನೆ ಎಂದರು. ಹೊರಗೆ ಬಂದು ಕಾಫಿ ಕುಡಿಯುತ್ತಾ ತಾವು ಊಹಿಸಿದ ಕಥೆಯನ್ನೆಲ್ಲ ಹೇಳಿದರು. ಅಷ್ಟೂ ತಪ್ಪು. ಅವರ ಕಥೆಯಲ್ಲಿ ಗಂಡ ಸತ್ತಿದ್ದ, ಸಿನಿಮಾದಲ್ಲಿ ಅವನಿಗೆ ವರ್ಗವಾಗಿತ್ತು ಅಷ್ಟೆ. ಆದರೂ ನನ್ನದೇ ಚೆನ್ನಾಗಿದೆ ಅಲ್ಲವೇ ಎಂದು ಕೇಳಿ, ಇನ್ನೊಂದು ಕಾಫಿ ಹೇಳಿದರು.